ಗ್ಯಾಸ್ ಗ್ರಿಲ್

ಗ್ಯಾಸ್ ಗ್ರಿಲ್ ಎಂಬುದು ಪ್ರೊಪೇನ್ ಅಥವಾ ನೈಸರ್ಗಿಕ ಅನಿಲವನ್ನು ಉರಿಸಿ, ಸರಳುಗಳ ಜಾಲರಿಯ ಮೇಲೆ ಇಟ್ಟ ಆಹಾರವನ್ನು ಕೆಳಗಿನಿಂದ ಏಳುವ ಶಾಖದಲ್ಲಿ ಸುಡುವ, ಮನೆಯ ಹೊರಗೆ ಬಳಸುವ ಒಲೆ. ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ಇದು ಹಿತ್ತಲಿನ ಸಾಮಾನ್ಯ ಉಪಕರಣ. ಇದೇ ಕುಟುಂಬಕ್ಕೆ ಸೇರಿದ, ಆದರೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಹೊಗೆ ಕೊಟ್ಟು ಬೇಯಿಸುವ ಪೆಟ್ಟಿಗೆಗೆ ಸ್ಮೋಕರ್ ಎಂದು ಹೆಸರು. ಎರಡೂ ಬಿಸಿಲು, ಮಳೆ, ಹಿಮಗಳಿಗೆ ಮೈಯೊಡ್ಡಿ ನಿಲ್ಲುವ ಉಪಕರಣಗಳಾದುದರಿಂದ ಇವುಗಳ ಆಯ್ಕೆಯಲ್ಲಿ ಬಾಳಿಕೆಯೇ ಮುಖ್ಯ ಪ್ರಶ್ನೆ. ನೋಟಕ್ಕೆ ಒಂದೇ ತೆರನಾಗಿರುವ ಎರಡು ಗ್ರಿಲ್‌ಗಳಲ್ಲಿ ಒಂದು ಮೂರು ವರ್ಷಕ್ಕೆ ತೂತುಬಿದ್ದು, ಇನ್ನೊಂದು ಹದಿನೈದು ವರ್ಷ ಉರಿಯುವುದುಂಟು. ಈ ವ್ಯತ್ಯಾಸದ ಕಾರಣವನ್ನು ಹೊಳೆಯುವ ಮುಚ್ಚಳದಲ್ಲಿ ಹುಡುಕುವುದಕ್ಕಿಂತ, ಬೆಂಕಿಯೂ ಜಿಡ್ಡೂ ತಾಗುವ ಒಳಭಾಗಗಳಲ್ಲಿ ಹುಡುಕುವುದು ಸರಿ.

ಹೆಸರು

'ಬಾರ್ಬೆಕ್ಯೂ' ಎಂಬ ಪದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೊ ಜನರ ಭಾಷೆಯಿಂದ ಸ್ಪ್ಯಾನಿಷ್ ಭಾಷೆಗೆ 'ಬಾರ್ಬಕೋವಾ' ಎಂದು ಬಂದು, ಅಲ್ಲಿಂದ ಇಂಗ್ಲಿಷನ್ನು ಸೇರಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮೊದಲಿಗೆ ಅದರ ಅರ್ಥ ಕೋಲುಗಳನ್ನು ಜೋಡಿಸಿ ಎತ್ತರದಲ್ಲಿ ಕಟ್ಟಿದ ಅಟ್ಟಣಿಗೆ ಎಂದಷ್ಟೇ ಇತ್ತು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ಪದವನ್ನು ಸೌದೆಯ ಹೊಗೆಯಲ್ಲಿ ನಿಧಾನವಾಗಿ ಬೇಯಿಸಿದ ಮಾಂಸಕ್ಕೆ ಮಾತ್ರ ಸಲ್ಲಿಸುತ್ತಾರೆ. ತೀವ್ರ ಶಾಖದಲ್ಲಿ ಬೇಗನೆ ಸುಡುವ ಕ್ರಮ ಅವರಿಗೆ 'ಗ್ರಿಲ್ಲಿಂಗ್'. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಎರಡಕ್ಕೂ ಬಾರ್ಬೆಕ್ಯೂ ಎನ್ನುವುದೇ ರೂಢಿ. ಇದು ಕೇವಲ ಪದಗಳ ಜಗಳವಲ್ಲ. ಹತ್ತು ನಿಮಿಷದಲ್ಲಿ ಜೋಳದ ತೆನೆ ಸುಡಲು ಬೇಕಾದ ಒಲೆಯೂ ಹನ್ನೆರಡು ಗಂಟೆ ಮಾಂಸ ಬೇಯಿಸಲು ಬೇಕಾದ ಪೆಟ್ಟಿಗೆಯೂ ಬೇರೆ ಬೇರೆಯೇ ಆಗಿವೆ.

ಇತಿಹಾಸ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ನಗರಗಳ ಸುತ್ತ ಹೊಸ ಬಡಾವಣೆಗಳು ಹಬ್ಬಿ, ಮನೆಗೊಂದು ಹಿತ್ತಲು ದೊರೆತಾಗ ಹೊರಗಿನ ಅಡುಗೆ ಮನೆಮಾತಾಯಿತು. ಆಗಿನ ಒಲೆಗಳು ಬಹುಮಟ್ಟಿಗೆ ಇದ್ದಿಲು ತುಂಬುವ ತೆರೆದ ತಟ್ಟೆಗಳು. ಗಾಳಿ ಬೀಸಿದರೆ ಬೂದಿ ಆಹಾರದ ಮೇಲೆ ಹಾರುತ್ತಿತ್ತು. ಷಿಕಾಗೋದ ವೆಬರ್ ಬ್ರದರ್ಸ್ ಲೋಹ ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲುವ ಬೋಯಾಗಳನ್ನು ತಯಾರಿಸುತ್ತಿದ್ದ ಜಾರ್ಜ್ ಸ್ಟೀಫನ್, 1952ರಲ್ಲಿ ಅಂಥ ಲೋಹದ ಗೋಳದ ಅರ್ಧಭಾಗಗಳನ್ನು ಬಳಸಿ ಮುಚ್ಚಳವುಳ್ಳ ದುಂಡು ಗ್ರಿಲ್ ರೂಪಿಸಿದರು. ಮುಚ್ಚಳ ಬಂದದ್ದರಿಂದ ಗ್ರಿಲ್ ಒಂದು ಬಗೆಯ ಭಟ್ಟಿಯೂ ಆಯಿತು.

ಅನಿಲದ ಗ್ರಿಲ್ ಮನೆಗಳಿಗೆ ವ್ಯಾಪಕವಾಗಿ ಬಂದದ್ದು 1960ರ ದಶಕದಲ್ಲಿ. ಇದರ ಮೊದಲ ನಿರ್ಮಾತೃ ಯಾರೆಂಬುದಕ್ಕೆ ಒಂದಕ್ಕಿಂತ ಹೆಚ್ಚು ಹಕ್ಕುದಾರರಿದ್ದಾರೆ. ತಮ್ಮ ಅನಿಲದ ಮಾರಾಟ ಹೆಚ್ಚಿಸಿಕೊಳ್ಳಲು ಅನಿಲ ಕಂಪನಿಗಳೇ ಇದಕ್ಕೆ ಪ್ರೋತ್ಸಾಹ ನೀಡಿದವು. ಆರಂಭದ ಮಾದರಿಗಳಲ್ಲಿ ಉರಿಯ ಮೇಲೆ ಜ್ವಾಲಾಮುಖಿಯ ಲಾವಾ ಕಲ್ಲುಗಳನ್ನು ಹರಡುತ್ತಿದ್ದರು. ಕಲ್ಲುಗಳು ಶಾಖವನ್ನು ಹಂಚುತ್ತಿದ್ದವು, ಆದರೆ ತಮ್ಮ ರಂಧ್ರಗಳಲ್ಲಿ ಕೊಬ್ಬನ್ನು ಹೀರಿಕೊಂಡು ಒಮ್ಮೆಗೇ ಹೊತ್ತಿಕೊಳ್ಳುತ್ತಿದ್ದವು. 1985ರಲ್ಲಿ ವೆಬರ್ ಕಂಪನಿಯ ಜೆನಿಸಿಸ್ ಗ್ರಿಲ್ ಕಲ್ಲುಗಳ ಬದಲು ಮನೆಯ ಮಾಡಿನಂತೆ ಬಾಗಿದ ಲೋಹದ ಪಟ್ಟಿಗಳನ್ನು ತಂದಿತು. ತೊಟ್ಟಿಕ್ಕಿದ ರಸ ಪಟ್ಟಿಯ ಮೇಲೆ ಬಿದ್ದು ಆವಿಯಾಗಿ ಆಹಾರಕ್ಕೆ ಪರಿಮಳ ಕೊಡುತ್ತದೆ. ಮಿಕ್ಕ ಜಿಡ್ಡು ಇಳಿಜಾರಿನಲ್ಲಿ ಕೆಳಗಿನ ತಟ್ಟೆಗೆ ಜಾರುತ್ತದೆ. ಇಂದಿನ ಬಹುಪಾಲು ಗ್ರಿಲ್‌ಗಳು ಈ ಮಾಡಿನ ಪಟ್ಟಿಯ ಯಾವುದಾದರೊಂದು ರೂಪವನ್ನು ಅನುಸರಿಸುತ್ತವೆ.

ರಚನೆ

ಸಿಲಿಂಡರಿನಿಂದ ಹೊರಟ ಅನಿಲ ರೆಗ್ಯುಲೇಟರಿನಲ್ಲಿ ಒತ್ತಡ ಇಳಿಸಿಕೊಂಡು, ಕೊಳವೆಯ ಮೂಲಕ ಗುಬುಟುಗಳ ಹಿಂದಿನ ಕವಾಟಗಳಿಗೆ ಬರುತ್ತದೆ. ಅಲ್ಲಿಂದ ಸೂಜಿಮೊನೆಯಷ್ಟು ಸಣ್ಣ ರಂಧ್ರದ ಮೂಲಕ ಬರ್ನರಿನ ಬಾಯಿಗೆ ಚಿಮ್ಮಿ, ಸುತ್ತಲಿನ ಗಾಳಿಯನ್ನು ಸೆಳೆದುಕೊಂಡು ಬೆರೆತು ಉರಿಯುತ್ತದೆ. ಗಾಳಿ ಸಾಕಷ್ಟು ಬೆರೆತರೆ ಉರಿ ನೀಲಿ. ಕೊರತೆಯಾದರೆ ಹಳದಿ ಬಣ್ಣಕ್ಕೆ ತಿರುಗಿ ಮಸಿ ಹಿಡಿಯುತ್ತದೆ. ಬರ್ನರುಗಳ ಮೇಲೆ ಮಾಡಿನ ಪಟ್ಟಿ, ಅದರ ಮೇಲೆ ಜಾಲರಿ, ಇವೆಲ್ಲವನ್ನೂ ಹೊತ್ತ ತೊಟ್ಟಿ, ಮೇಲೆ ಮುಚ್ಚಳ. ಕೆಳಗಿನ ಗಾಡಿ ಮತ್ತು ಬೀರು ಕೇವಲ ಆಧಾರ. ಆದರೂ ಅಂಗಡಿಯಲ್ಲಿ ಕಣ್ಣು ಮೊದಲು ಬೀಳುವುದು ಅವುಗಳ ಮೇಲೆಯೇ.

ಬಾಳಿಕೆ

'ಸ್ಟೇನ್‌ಲೆಸ್ ಸ್ಟೀಲ್' ಎಂದ ಮಾತ್ರಕ್ಕೆ ತುಕ್ಕು ಹಿಡಿಯದೆಂದು ಭಾವಿಸುವಂತಿಲ್ಲ. ಗ್ರಿಲ್‌ಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು 304 ಮತ್ತು 430 ಎಂಬ ಎರಡು ಶ್ರೇಣಿಗಳು. 304ರಲ್ಲಿ ಸುಮಾರು 18 ಶೇಕಡ ಕ್ರೋಮಿಯಂ ಹಾಗೂ 8 ಶೇಕಡ ನಿಕಲ್ ಇರುತ್ತವೆ. 430ರಲ್ಲಿ ಕ್ರೋಮಿಯಂ ಅಷ್ಟೇ ಇದ್ದರೂ ನಿಕಲ್ ಇಲ್ಲವೆನ್ನುವಷ್ಟು ಕಡಿಮೆ. ಬೆಲೆ ಇಳಿಯುವುದೂ ತುಕ್ಕು ಬೇಗ ಹಿಡಿಯುವುದೂ ಆ ಕಾರಣದಿಂದಲೇ. ಇವನ್ನು ಗುರುತಿಸಲು ಅಯಸ್ಕಾಂತದ ಪರೀಕ್ಷೆ ಪ್ರಸಿದ್ಧ: 430 ಅಯಸ್ಕಾಂತವನ್ನು ಬಲವಾಗಿ ಸೆಳೆಯುತ್ತದೆ, 304 ಸೆಳೆಯುವುದಿಲ್ಲ. ಆದರೆ 304ರ ತಗಡನ್ನು ಬಗ್ಗಿಸಿದ ಅಥವಾ ಅಚ್ಚೊತ್ತಿದ ಜಾಗದಲ್ಲಿ ಅಲ್ಪ ಸೆಳೆತ ಹುಟ್ಟುವುದರಿಂದ, ಮಡಿಕೆಗಳ ಬಳಿಯಲ್ಲದೆ ಸಪಾಟಾದ ಭಾಗದಲ್ಲಿ ಪರೀಕ್ಷಿಸಬೇಕಾಗುತ್ತದೆ. ಕಡಲತೀರದ ಉಪ್ಪುಗಾಳಿಗೆ 304 ಕೂಡ ಕಲೆಗಟ್ಟುತ್ತದೆ. ಅಲ್ಲಿಗೆ ಮಾಲಿಬ್ಡಿನಂ ಬೆರೆತ 316 ಶ್ರೇಣಿ ತಕ್ಕದ್ದು. ಕರಾವಳಿಯ ಮನೆಗಳಲ್ಲಿ ಕಿಟಕಿಯ ಸರಳುಗಳ ಪಾಡನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲೋಹದ ಶ್ರೇಣಿಯಷ್ಟೇ ಮುಖ್ಯವಾದದ್ದು ದಪ್ಪ. ತೆಳು ತಗಡಿನ ಬರ್ನರ್ ಪದೇ ಪದೇ ಕಾದು ಆರಿ, ಮೊದಲು ಉರಿಯ ರಂಧ್ರಗಳ ಅಂಚಿನಲ್ಲಿ ಸವೆಯುತ್ತದೆ. ರಂಧ್ರಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡರೆ ಒಂದು ಕಡೆ ಉರಿ ಭುಗಿಲೇಳುತ್ತದೆ, ಇನ್ನೊಂದು ಕಡೆ ನಂದುತ್ತದೆ. ಆದುದರಿಂದ ಗ್ರಿಲ್ ಕೊಳ್ಳುವಾಗ ಮೊದಲು ಜಾಲರಿಯನ್ನೂ ಪಟ್ಟಿಗಳನ್ನೂ ಎತ್ತಿ ಬರ್ನರನ್ನು ನೋಡುವುದು ಅನುಭವಸ್ಥರ ಕ್ರಮ. ದಪ್ಪ ಸ್ಟೀಲಿನ ಕೊಳವೆ ಅಥವಾ ಎರಕದ ಬರ್ನರುಗಳು ಹೆಚ್ಚು ಕಾಲ ಬರುತ್ತವೆ.

ತೊಟ್ಟಿಯ ವಿಷಯದಲ್ಲಿ ಎರಕದ ಅಲ್ಯೂಮಿನಿಯಂಗೆ ಒಂದು ಅನುಕೂಲವಿದೆ. ಅದಕ್ಕೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಬಣ್ಣ ಬಳಿದ ತೆಳು ಉಕ್ಕಿನ ತೊಟ್ಟಿಯಲ್ಲಿ ಬಣ್ಣ ಎದ್ದ ಜಾಗದಿಂದಲೇ ಕ್ಷಯ ಶುರುವಾಗುತ್ತದೆ. ಹನಿ ತಟ್ಟೆಯ ಸುತ್ತ ತೂತು ಬಿದ್ದಮೇಲೆ ದುರಸ್ತಿ ಕಷ್ಟ. ಆದರೆ ಅಲ್ಯೂಮಿನಿಯಂ ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಲೋಹ. ಜಿಡ್ಡಿಗೆ ಬೆಂಕಿ ಹತ್ತಿ ಅದು ಬಹಳ ಹೊತ್ತು ಉರಿದರೆ ತೊಟ್ಟಿಯೇ ಹಾಳಾಗಬಹುದು.

ಜಾಲರಿಯಲ್ಲಿ ಬೀಡುಕಬ್ಬಿಣ ಶಾಖವನ್ನು ಹಿಡಿದಿಟ್ಟು ಆಹಾರದ ಮೇಲೆ ಕಪ್ಪು ಗೆರೆಗಳನ್ನು ಚೆನ್ನಾಗಿ ಮೂಡಿಸುತ್ತದೆ. ದೋಸೆಯ ಕಾವಲಿಯಂತೆ ಅದಕ್ಕೂ ಎಣ್ಣೆ ಸವರಿ ಪಳಗಿಸಬೇಕು, ಒದ್ದೆಯಾಗಿ ಬಿಡಬಾರದು. ಪಿಂಗಾಣಿ ಲೇಪದ ಜಾಲರಿಗೆ ಇಷ್ಟು ಉಪಚಾರ ಬೇಡ, ಆದರೆ ಲೇಪ ಎಲ್ಲಾದರೂ ಚಕ್ಕೆ ಎದ್ದರೆ ಅದರಡಿಯಲ್ಲಿ ತುಕ್ಕು ಕಾಣದಂತೆ ಹಬ್ಬುತ್ತದೆ. ದಪ್ಪ 304 ಸರಳುಗಳ ಜಾಲರಿ ಬೆಲೆಯಲ್ಲಿ ಹೆಚ್ಚು, ಪರಿಶ್ರಮದಲ್ಲಿ ಕಡಿಮೆ.

ಯಾವ ಗ್ರಿಲ್ಲಿನಲ್ಲೂ ಬರ್ನರ್, ಮಾಡಿನ ಪಟ್ಟಿ, ಕಿಡಿ ಹೊತ್ತಿಸುವ ಗುಂಡಿ ಇವು ಸವೆಯುವ ಭಾಗಗಳು. ಐದಾರು ವರ್ಷಗಳ ಬಳಿಕ ಅವು ಬಿಡಿಯಾಗಿ ದೊರೆಯುವುದಾದರೆ ಗ್ರಿಲ್ಲಿನ ಆಯುಷ್ಯ ಮುಂದುವರಿಯುತ್ತದೆ. ದೊರೆಯದಿದ್ದರೆ ಉಳಿದೆಲ್ಲ ಗಟ್ಟಿಯಾಗಿದ್ದರೂ ಅದು ಗುಜರಿ. ಪ್ರತಿ ವರ್ಷ ಮಾದರಿ ಬದಲಾಯಿಸುವ ಅಗ್ಗದ ಗ್ರಿಲ್‌ಗಳು ಸೋಲುವುದು ಇಲ್ಲಿಯೇ. ವಾರಂಟಿ ಪತ್ರದಲ್ಲಿ ದೊಡ್ಡ ಅಕ್ಷರದಲ್ಲಿರುವ ಒಟ್ಟು ವರ್ಷಗಳಿಗಿಂತ, ಬರ್ನರಿಗೆ ಎಷ್ಟು ವರ್ಷ, ತೊಟ್ಟಿಗೆ ಎಷ್ಟು ವರ್ಷ, ತುಕ್ಕಿಗೆ ಅನ್ವಯಿಸುತ್ತದೆಯೇ ಎಂಬ ಸಣ್ಣ ಅಕ್ಷರಗಳು ಹೆಚ್ಚು ಹೇಳುತ್ತವೆ.

ಶಾಖದ ಅಂಕಿಗಳು

ಅಮೆರಿಕದಲ್ಲಿ ಗ್ರಿಲ್ಲಿನ ಶಕ್ತಿಯನ್ನು ಗಂಟೆಗೆ ಇಷ್ಟು ಬಿಟಿಯು ಎಂದು ಹೇಳುತ್ತಾರೆ. ಒಂದು ಬಿಟಿಯು ಸುಮಾರು 1,055 ಜೌಲ್. ಈ ಅಂಕಿ ಗ್ರಿಲ್ ಎಷ್ಟು ಅನಿಲ ಉರಿಸಬಲ್ಲದು ಎಂಬುದನ್ನು ತಿಳಿಸುತ್ತದೆಯೇ ಹೊರತು ಆಹಾರಕ್ಕೆ ಎಷ್ಟು ಶಾಖ ತಲುಪುತ್ತದೆ ಎಂಬುದನ್ನಲ್ಲ. ಜಾಲರಿಯ ಪ್ರತಿ ಚದರ ಅಂಗುಲಕ್ಕೆ 80ರಿಂದ 100 ಬಿಟಿಯು ಇದ್ದರೆ ಸಾಕೆಂಬುದು ರೂಢಿಯ ಲೆಕ್ಕ. ಅಂದರೆ 450 ಚದರ ಅಂಗುಲದ ಗ್ರಿಲ್ಲಿಗೆ 36,000 ಬಿಟಿಯು ಕಡಿಮೆಯೇನಲ್ಲ. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಇದರ ಎರಡರಷ್ಟಿದ್ದರೂ ಗಾಳಿಯ ಪಾಲು. ಅಲ್ಲಿ ಸಾಮಾನ್ಯವಾದ 20 ಪೌಂಡ್, ಅಂದರೆ ಸುಮಾರು 9 ಕಿಲೋಗ್ರಾಂ ಪ್ರೊಪೇನ್ ಹಿಡಿಯುವ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ 4,30,000 ಬಿಟಿಯು ಇರುತ್ತದೆ. ಮೇಲಿನ ಗ್ರಿಲ್ಲನ್ನು ಪೂರ್ತಿ ಉರಿಯಲ್ಲಿಟ್ಟರೆ ಅದು ಸುಮಾರು 12 ಗಂಟೆ ಬರುತ್ತದೆ.

ಸ್ಮೋಕರ್

ಗೋವಿನ ಎದೆಭಾಗ, ಹಂದಿಯ ಭುಜ ಮುಂತಾದ ಬಿರುಸು ಮಾಂಸಗಳಲ್ಲಿ ಕೊಲಾಜನ್ ಎಂಬ ನಾರಿನಂಶ ಅಧಿಕ. ಅದು ಕರಗಿ ಮೃದುವಾಗಲು ಬಹಳ ಹೊತ್ತು ಬೇಕು. ಆದುದರಿಂದ ಸ್ಮೋಕರಿನೊಳಗೆ ಸುಮಾರು 107ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಹತ್ತು ಹನ್ನೆರಡು ಗಂಟೆ ಏರುಪೇರಿಲ್ಲದೆ ಕಾಯ್ದುಕೊಳ್ಳಬೇಕಾಗುತ್ತದೆ. ನಡುವೆ ಮಾಂಸದ ಉಷ್ಣತೆ ಗಂಟೆಗಟ್ಟಲೆ ಏರದೆ ನಿಂತುಬಿಡುವುದುಂಟು. ಹೊಸಬರು ಉಪಕರಣ ಕೆಟ್ಟಿತೆಂದು ಉರಿ ಹೆಚ್ಚಿಸುತ್ತಾರೆ. ನಿಜವಾಗಿ ಅದು ಮೇಲ್ಮೈಯ ತೇವ ಆರುತ್ತಾ ಮಾಂಸವನ್ನು ತಂಪುಮಾಡುವುದರ ಫಲ, ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವಂತೆ.

ಟೆಕ್ಸಾಸಿನಲ್ಲಿ ಬಳಕೆಯಲ್ಲಿರುವ, ಪಕ್ಕದಲ್ಲಿ ಸೌದೆಪೆಟ್ಟಿಗೆಯುಳ್ಳ ಸ್ಮೋಕರನ್ನು ದಪ್ಪ ಉಕ್ಕಿನ ಕೊಳವೆಗಳಿಂದ ಬೆಸೆದು ಮಾಡುವುದುಂಟು. ಕಾಲು ಅಂಗುಲ, ಎಂದರೆ 6 ಮಿಲಿಮೀಟರಿಗೂ ಹೆಚ್ಚು ದಪ್ಪದ ಉಕ್ಕು ಒಮ್ಮೆ ಕಾದರೆ ಗಾಳಿಗೂ ಜಗ್ಗುವುದಿಲ್ಲ, ಒಂದು ತಲೆಮಾರು ಬಾಳುತ್ತದೆ. ಅದೇ ಆಕಾರವನ್ನು ತೆಳು ತಗಡಿನಲ್ಲಿ ಅನುಕರಿಸಿದ ಅಗ್ಗದ ಮಾದರಿಗಳಲ್ಲಿ ಸೌದೆಪೆಟ್ಟಿಗೆಯ ಬಣ್ಣ ಮೊದಲ ಬೇಸಗೆಯಲ್ಲೇ ಸುಟ್ಟುಹೋಗುತ್ತದೆ. ಅನಿಲದ ಸ್ಮೋಕರ್ ಬೀರುವಿನಾಕಾರದ್ದು. ಕೆಳಗೆ ಬರ್ನರ್, ಅದರ ಮೇಲೆ ಮರದ ಚೂರುಗಳ ತಟ್ಟೆ ಮತ್ತು ನೀರಿನ ಬೋಗುಣಿ, ಮೇಲೆ ಅಂತಸ್ತು ಅಂತಸ್ತಾಗಿ ಜಾಲರಿಗಳು. ಇದರಲ್ಲಿ ನೋಡಬೇಕಾದದ್ದು ಎರಡು: ಬಾಗಿಲು ಸುತ್ತಲೂ ಹೊಗೆ ಸೋರದಂತೆ ಕೂರುತ್ತದೆಯೇ, ಹಾಗೂ ಉರಿಯನ್ನು ತೀರ ಸಣ್ಣಗೆ ಇಳಿಸಿದಾಗ ಗಾಳಿಗೆ ನಂದದೆ ನಿಲ್ಲುತ್ತದೆಯೇ. 1980ರ ದಶಕದಲ್ಲಿ ಒರೆಗಾನ್ ರಾಜ್ಯದ ಜೋ ಟ್ರೇಗರ್ ರೂಪಿಸಿದ, ಒತ್ತಿದ ಮರದ ಪುಡಿಯ ಗುಳಿಗೆಗಳನ್ನು ಯಂತ್ರವೇ ಉರಿಗೆ ತಳ್ಳುವ ಮಾದರಿ ಈ ಕಾವಲಿನ ಶ್ರಮವನ್ನು ತಪ್ಪಿಸಿತು. ಆದರೆ ಅದಕ್ಕೆ ವಿದ್ಯುತ್ತು ಬೇಕು, ಗುಳಿಗೆಗಳು ನೆನೆಯಬಾರದು.

ಹೊಗೆಯಲ್ಲಿ ಮಾಂಸ ಕಾಪಿಡುವುದು ಕರ್ನಾಟಕಕ್ಕೆ ಅಪರಿಚಿತವೇನಲ್ಲ. ಕೊಡಗಿನ ಮನೆಗಳಲ್ಲಿ ಒಲೆಯ ಮೇಲೆ ಹಂದಿಮಾಂಸ ತೂಗುಹಾಕಿ ಹೊಗೆಯಾಡಿಸುವ ರೂಢಿ ಇತ್ತು.

ಸುರಕ್ಷತೆ ಮತ್ತು ನಿರ್ವಹಣೆ

ಅಮೆರಿಕದಲ್ಲಿ ಗ್ರಿಲ್‌ಗಳಿಂದ ಆಗುವ ಅಗ್ನಿ ಅನಾಹುತಗಳು ಜುಲೈ ತಿಂಗಳಲ್ಲಿ ಅತ್ಯಧಿಕ. ಸ್ವಚ್ಛಗೊಳಿಸದೆ ಬಿಟ್ಟ ಜಿಡ್ಡು ಹಾಗೂ ಅನಿಲದ ಸೋರಿಕೆ ಮುಖ್ಯ ಕಾರಣಗಳಲ್ಲಿ ಸೇರಿವೆ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹೋಗದೆ ತೊಟ್ಟಿಯ ತಳದಲ್ಲೂ ನೆಲದ ತಗ್ಗಿನಲ್ಲೂ ತಂಗುತ್ತದೆ. ಮುಚ್ಚಳ ಹಾಕಿಕೊಂಡೇ ಕಿಡಿ ಹೊತ್ತಿಸುವುದು ಆದುದರಿಂದಲೇ ಅಪಾಯಕರ. ಸಿಲಿಂಡರ್ ಬದಲಿಸಿದಾಗಲೆಲ್ಲ ಜೋಡಣೆಗಳಿಗೆ ಸೋಪಿನ ನೀರು ಸವರಿ ಗುಳ್ಳೆ ಏಳುವುದೇ ಎಂದು ನೋಡುವುದು ಸರಳವೂ ನಂಬತಕ್ಕದ್ದೂ ಆದ ಪರೀಕ್ಷೆ.

ಗ್ರಿಲ್ ತಿಂಗಳುಗಟ್ಟಲೆ ಸುಮ್ಮನಿದ್ದಾಗ ಬರ್ನರಿನ ಬಾಯಿಯೊಳಗೆ ಜೇಡಗಳು ಬಲೆ ನೇಯುತ್ತವೆ. ಅಷ್ಟು ಸಣ್ಣ ಬಲೆಯೇ ಅನಿಲವನ್ನು ತಡೆದು, ಉರಿಯನ್ನು ಗುಬುಟುಗಳ ಕಡೆಗೆ ಹಿಂದಿರುಗಿಸಬಲ್ಲದು. ಆ ಬಾಯಿಗೆ ಜಾಲರಿಯ ತೆರೆ ಕಟ್ಟಿದ ಬರ್ನರುಗಳು ಉತ್ತಮ. ಆದರೂ ವರ್ಷಕ್ಕೊಮ್ಮೆ ಬಿಚ್ಚಿ ಕೊಳವೆಯೊಳಗೆ ಕುಂಚ ಆಡಿಸುವುದನ್ನು ಬಿಡುವಂತಿಲ್ಲ. ತಂತಿಯ ಕುಂಚದಿಂದ ಜಾಲರಿ ಉಜ್ಜುವವರು ಬಳಿಕ ಒದ್ದೆ ಬಟ್ಟೆಯಿಂದ ಒರೆಸಬೇಕು. ಕಳಚಿದ ತಂತಿಯ ಎಳೆ ಆಹಾರದೊಡನೆ ಗಂಟಲು ಸೇರಿ ಶಸ್ತ್ರಚಿಕಿತ್ಸೆಯವರೆಗೆ ಹೋದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ.

ಒಳ್ಳೆಯ ಗ್ರಿಲ್ಲೂ ಕೆಟ್ಟಿತೆಂಬ ದೂರಿಗೆ ಗುರಿಯಾಗುವ ಒಂದು ಸಂದರ್ಭವಿದೆ. ಅಮೆರಿಕದ ರೆಗ್ಯುಲೇಟರ್ ಜೋಡಣೆಯಲ್ಲಿ, ಅನಿಲ ಹಠಾತ್ತನೆ ರಭಸದಿಂದ ಹರಿದರೆ ಸೋರಿಕೆಯೆಂದು ಬಗೆದು ಹರಿವನ್ನು ಕಟ್ಟುವ ಏರ್ಪಾಡಿರುತ್ತದೆ. ಬರ್ನರಿನ ಗುಬುಟು ತೆರೆದಿರುವಾಗ ಸಿಲಿಂಡರನ್ನು ಸರಕ್ಕನೆ ತಿರುಗಿಸಿದರೆ ಆ ತಡೆ ಬಿದ್ದು, ಎಷ್ಟು ಹೊತ್ತಾದರೂ ಗ್ರಿಲ್ ಕಾಯುವುದೇ ಇಲ್ಲ. ಎಲ್ಲವನ್ನೂ ಮುಚ್ಚಿ, ರೆಗ್ಯುಲೇಟರ್ ಕಳಚಿ ಮತ್ತೆ ಜೋಡಿಸಿ, ಸಿಲಿಂಡರನ್ನು ಮೆಲ್ಲಗೆ ತೆರೆದರೆ ಸರಿಹೋಗುತ್ತದೆ.

ಗ್ಯಾಸ್ ಗ್ರಿಲ್ಲನ್ನು ಮನೆಯೊಳಗಾಗಲಿ ಮುಚ್ಚಿದ ಗ್ಯಾರೇಜಿನಲ್ಲಾಗಲಿ ಉರಿಸುವಂತಿಲ್ಲ. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಗೋಡೆ, ಸೂರು, ಮರದ ಕೊಂಬೆಗಳಿಂದ ಸುಮಾರು 3 ಮೀಟರ್ ದೂರವಿರಿಸಬೇಕೆಂಬುದು ಸಾಮಾನ್ಯ ಸಲಹೆ.

ಭಾರತದಲ್ಲಿ ಬಳಕೆ

ವಿದೇಶದಿಂದ ಮರಳುವವರು ಅಲ್ಲಿನ ಗ್ರಿಲ್ಲನ್ನು ಸಾಮಾನಿನೊಡನೆ ತರುವುದುಂಟು. ಅದು ಇಲ್ಲಿ ಹಾಗೆಯೇ ಉರಿಯುವುದಿಲ್ಲ. ಅಮೆರಿಕದ ಸಿಲಿಂಡರಿಗೆ ತಿರುಪಿನ ಜೋಡಣೆ, ಭಾರತದ 14.2 ಕಿಲೋಗ್ರಾಂ ಗೃಹಬಳಕೆಯ ಸಿಲಿಂಡರಿಗೆ ಒತ್ತಿ ಕೂರಿಸುವ ರೆಗ್ಯುಲೇಟರ್. ಅಲ್ಲಿ ತುಂಬುವುದು ಬಹುಮಟ್ಟಿಗೆ ಪ್ರೊಪೇನ್, ಇಲ್ಲಿ ಬ್ಯೂಟೇನ್ ಮತ್ತು ಪ್ರೊಪೇನ್‌ಗಳ ಮಿಶ್ರಣ. ಒಂದೇ ಪ್ರಮಾಣದ ಬ್ಯೂಟೇನ್ ಅನಿಲ ಪ್ರೊಪೇನಿಗಿಂತ ಹೆಚ್ಚು ಶಾಖ ಕೊಡುವುದರಿಂದ, ಪ್ರೊಪೇನಿಗೆಂದು ಕೊರೆದ ರಂಧ್ರದಲ್ಲಿ ಉರಿ ದೊಡ್ಡದಾಗಿ ಹಳದಿಗೆ ತಿರುಗಬಹುದು. ನೈಸರ್ಗಿಕ ಅನಿಲದ ಗ್ರಿಲ್ಲಿನ ರಂಧ್ರಗಳು ಇನ್ನೂ ದೊಡ್ಡವು. ಅದಕ್ಕೆ ಎಲ್‌ಪಿಜಿ ಹಾಯಿಸುವುದು ನೇರ ಅಪಾಯ. ನಡುವೆ ಯಾವುದೋ ತಿರುಪು ಸಿಕ್ಕಿಸಿ ರಬ್ಬರ್ ಕೊಳವೆ ಬಿಗಿಯುವ ಉಪಾಯಗಳಿಗಿಂತ, ಇಲ್ಲಿನ ಎಲ್‌ಪಿಜಿಗೆಂದೇ ತಯಾರಾದ ಗ್ರಿಲ್ಲನ್ನು ಕೊಳ್ಳುವುದು, ಇಲ್ಲವೇ ತಂದ ಗ್ರಿಲ್ಲಿನ ರಂಧ್ರ ಮತ್ತು ರೆಗ್ಯುಲೇಟರುಗಳನ್ನು ಬಲ್ಲ ತಂತ್ರಜ್ಞರಿಂದ ಬದಲಾಯಿಸಿಕೊಳ್ಳುವುದು ಕ್ಷೇಮ.