ಕುತ್ತಿಗೆ ಬಿಗಿತದ ಒಂದು ಚೀನೀ ಕಷಾಯವೂ ನಮ್ಮ ಮನೆಮದ್ದೂ

ರಾಮನಗರ ತಾಲ್ಲೂಕಿನ ಕೈಲಾಂಚದ ಕಡೆಯಲ್ಲಿ, ಹಳೆಯ ಮೈಸೂರಿನ ಇತರ ಊರುಗಳಲ್ಲಿರುವಂತೆಯೇ, ನೆಗಡಿಯಾದವರಿಗೆ ಶುಂಠಿ, ಮೆಣಸು, ಬೆಲ್ಲಗಳ ಕಷಾಯ ಕುಡಿಸಿ, ಕಂಬಳಿ ಹೊದಿಸಿ ಮಲಗಿಸುವ ರೂಢಿಯುಂಟು. ಇದಕ್ಕೆ ಸಮೀಪವೆನಿಸುವ ಕ್ರಮವೊಂದು ಚೀನಾದ ಪ್ರಾಚೀನ ವೈದ್ಯಗ್ರಂಥದಲ್ಲಿ ದೊರೆಯುತ್ತದೆ. ಈ ಸಾಮ್ಯಕ್ಕೆ ಚರಿತ್ರಕಾರನು ಎಷ್ಟು ಬೆಲೆ ಕೊಡಬಹುದೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಹಾನ್ ವಂಶದ ಕೊನೆಗಾಲದಲ್ಲಿ, ಕ್ರಿ. ಶ. 200ರ ಸುಮಾರಿಗೆ, ಝಾಂಗ್ ಝೋಂಗ್‌ಜಿಂಗ್ ರಚಿಸಿದ 'ಷಾಂಗ್ ಹಾನ್ ಲುನ್' ಶೀತಜನ್ಯ ರೋಗಗಳನ್ನು ಕುರಿತ ಗ್ರಂಥ. ಗಾಳಿ ಸಹಿಸದೆ, ಬೆವರು ಬಾರದೆ, ಕುತ್ತಿಗೆ ಬೆನ್ನುಗಳು ಬಿಗಿದವರಿಗೆ ಅದು 'ಗೆ ಗೆನ್ ಟಾಂಗ್' ಎಂಬ ಕಷಾಯವನ್ನು ವಿಧಿಸುತ್ತದೆ. ಗೆ ಗೆನ್ ಎಂಬ ಬಳ್ಳಿಯ ಬೇರು, ಮಾಹುವಾಂಗ್, ದಾಲ್ಚಿನ್ನಿ ಜಾತಿಯ ಮರದ ಕಡ್ಡಿ, ಪಿಯೊನಿ ಬೇರು, ಶುಂಠಿ, ಜ್ಯೇಷ್ಠಮಧು, ಎಲಚಿ ಜಾತಿಯ ಹಣ್ಣು—ಹೀಗೆ ಏಳು ದ್ರವ್ಯಗಳು. ಮೊದಲೆರಡನ್ನು 10 ಅಳತೆ ನೀರಿನಲ್ಲಿ ಕುದಿಸಿ, ನೊರೆ ತೆಗೆದು, ಉಳಿದವನ್ನು ಸೇರಿಸಿ 3 ಅಳತೆಗೆ ಇಳಿಸಬೇಕು. ಒಂದು ಅಳತೆ ಕುಡಿಸಿ, ಹೊದಿಸಿ, ಸ್ವಲ್ಪವೇ ಬೆವರಿಸಬೇಕು. ಸೋಂಗ್ ಆಸ್ಥಾನದ ವಿದ್ವಾಂಸರು 1065ರಲ್ಲಿ ಈ ಗ್ರಂಥವನ್ನು ಪರಿಷ್ಕರಿಸಿದರು. ಜಪಾನಿನಲ್ಲಿ ಈ ಮದ್ದು 'ಕಕ್ಕೊಂಟೊ' ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ. ಮಾಹುವಾಂಗಿನಿಂದ ಎಫೆಡ್ರಿನ್ ಎಂಬ ಸತ್ತ್ವವನ್ನು 1885ರಲ್ಲಿ ಬೇರ್ಪಡಿಸಿದವನು ಜಪಾನಿನ ನಾಗಾಯಿ. ಹೃದಯದ ಬಡಿತವನ್ನೂ ರಕ್ತದ ಒತ್ತಡವನ್ನೂ ಏರಿಸಬಲ್ಲ ಆ ಸತ್ತ್ವವಿರುವುದರಿಂದ ಇದನ್ನು ನಿರಪಾಯವೆನ್ನುವಂತಿಲ್ಲ.

ನಮ್ಮಲ್ಲಿಯೂ ಕುತ್ತಿಗೆಯ ಬಿಗಿತವನ್ನು ಸುಶ್ರುತಸಂಹಿತೆ 'ಮನ್ಯಾಸ್ತಂಭ'ವೆಂದು ಹೆಸರಿಸಿ, ನಸ್ಯವನ್ನೂ ಸ್ವೇದವನ್ನೂ ಹೇಳಿದೆ. ಇನ್ನೂ ಕುತೂಹಲಕರವಾದ ಸಂಗತಿಯೆಂದರೆ, ನಮ್ಮ ನೆಲಗುಂಬಳವೂ ಗೆ ಗೆನ್ ಬಳ್ಳಿಯೂ ಒಂದೇ ಸಸ್ಯಕುಲಕ್ಕೆ ಸೇರಿದವು. ಆದರೆ ಸಂಸ್ಕೃತದಲ್ಲಿ ವಿದಾರಿಯೆನಿಸಿದ ಆ ಗೆಡ್ಡೆಯನ್ನು ನಮ್ಮ ವೈದ್ಯರು ಮುಖ್ಯವಾಗಿ ಪುಷ್ಟಿಗೂ ಬಲಕ್ಕೂ ಬಳಸಿದರು. ಗಿಡಗಳು ಬಂಧುಗಳಾದರೂ ಬಳಕೆಯ ದಾರಿಗಳು ಬೇರೆ. ಬೆವರಿಸಿದರೆ ಶೀತ ಇಳಿಯುವುದೆಂಬ ಭಾವನೆಯಾದರೋ ಯಾವ ನಾಡಿನವರಿಗೂ ಸ್ವತಂತ್ರವಾಗಿ ಹೊಳೆಯಬಹುದಾದುದು. ಆದುದರಿಂದ ಸಾಮ್ಯಮಾತ್ರದಿಂದ ಒಬ್ಬರು ಇನ್ನೊಬ್ಬರಿಂದ ಕಲಿತರೆಂದು ಹೇಳಲಾಗದು.

ನಿಜವಾದ ಅಂತರವಿರುವುದು ದಾಖಲೆಯಲ್ಲಿ. ಕನ್ನಡದಲ್ಲಿ ವೈದ್ಯಸಾಹಿತ್ಯವಿಲ್ಲದೆ ಇಲ್ಲ: 12ನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', 14ನೆಯ ಶತಮಾನದ ಮಂಗರಾಜನ ವಿಷವೈದ್ಯಗ್ರಂಥ 'ಖಗೇಂದ್ರಮಣಿದರ್ಪಣ' ಪ್ರಸಿದ್ಧವಾಗಿವೆ. ಮನೆಯ ಕಷಾಯ ಮಾತ್ರ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದಿತು; ಅದರ ಅಳತೆ ಚಿಟಿಕೆ, ಹಿಡಿಗಳಲ್ಲಿಯೇ ಉಳಿಯಿತು. ಹೇಳುವ ಅಜ್ಜಿಯೊಡನೆ ಅದೂ ಮರೆಯಾಗುತ್ತದೆ. ಕೈಲಾಂಚದಂತಹ ಊರುಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಕಷಾಯದ ದ್ರವ್ಯ, ಅಳತೆ, ಕುದಿಸುವ ಕ್ರಮ, ಯಾರಿಗೆ ಕೊಡಬಾರದೆಂಬ ನಿಷೇಧ—ಇವನ್ನು ಬರೆದಿಟ್ಟರೆ ಅದು ಚರಿತ್ರೆಗೆ ಆಧಾರವಾದೀತು. ಅದರ ಗುಣವನ್ನು ನಿರ್ಣಯಿಸುವ ಕೆಲಸ ವೈದ್ಯಶಾಸ್ತ್ರದ್ದು. ಅದು ಅಳಿಯದಂತೆ ಬರೆದಿಡುವುದು ನಮ್ಮದು.