ದಿನದ ಲೆಕ್ಕ, ಮೀನಿನ ಲೆಕ್ಕ: ನೌರು ಒಪ್ಪಂದದ ಟ್ಯೂನ ನಿರ್ವಹಣೆ ಕುರಿತು ಒಂದು ಮರುವಿಚಾರ

ಒಡೆಯರಿಲ್ಲದ ಕಡಲಿನಲ್ಲಿ ಮೀನುಗಾರಿಕೆಯ ಲಾಭ ಕರಗಿಹೋಗುತ್ತದೆ ಎಂದು ಎಚ್. ಸ್ಕಾಟ್ ಗಾರ್ಡನ್ 1954ರಲ್ಲೇ ವಾದಿಸಿದ್ದರು. ಹಾರ್ಡಿನ್ 1968ರಲ್ಲಿ ಅದೇ ಆತಂಕವನ್ನು ಜನಜನಿತಗೊಳಿಸಿದರು. ಬಳಕೆದಾರರೇ ಕಟ್ಟಳೆ ಮಾಡಿಕೊಂಡು ಸಂಪತ್ತನ್ನು ಉಳಿಸಿಕೊಳ್ಳಬಲ್ಲರು ಎಂಬುದು 1990ರಲ್ಲಿ ಎಲಿನರ್ ಆಸ್ಟ್ರಮ್ ಕೊಟ್ಟ ಉತ್ತರ. ಪಶ್ಚಿಮ ಪೆಸಿಫಿಕ್‌ನಲ್ಲಿ ನೌರು ಒಪ್ಪಂದದ (1982) ಎಂಟು ದ್ವೀಪರಾಷ್ಟ್ರಗಳು ಪರ್ಸೀನ್ ಹಡಗುಗಳಿಗೆ ಮೀನುಗಾರಿಕೆಯ ದಿನಗಳನ್ನು ಮಾರುವ ಪದ್ಧತಿಯನ್ನು ಆಸ್ಟ್ರಮ್ ಪಕ್ಷದ ಸಾಕ್ಷ್ಯವಾಗಿಯೂ ಸಂರಕ್ಷಣೆಯ ಮಾದರಿಯಾಗಿಯೂ ಎತ್ತಿ ತೋರಿಸುವುದುಂಟು. ಈ ಎರಡೂ ಮಾತುಗಳಿಗೆ ತಿದ್ದುಪಡಿ ಬೇಕು.

2007ರಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ದಿನವೊಂದರ ಕನಿಷ್ಠ ಬೆಲೆ ಮುಂದೆ 8,000 ಡಾಲರ್ ಮುಟ್ಟಿತು. ದ್ವೀಪಗಳ ಆದಾಯ ಹಲವು ಪಟ್ಟಾಯಿತು. ಇಲ್ಲಿ ತಕರಾರಿಲ್ಲ. ತಕರಾರು ಇರುವುದು ದಿನವನ್ನೇ ಮೀನಿನ ಅಳತೆಗೋಲು ಎಂದು ನಂಬುವುದರಲ್ಲಿ. 50 ಮೀಟರಿಗಿಂತ ಚಿಕ್ಕ ಹಡಗಿಗೆ ಅರ್ಧ ದಿನ, 80 ಮೀಟರ್ ಮೀರಿದ್ದಕ್ಕೆ ಒಂದೂವರೆ ದಿನ ಎಂದು ಉದ್ದಕ್ಕೆ ತಕ್ಕ ಲೆಕ್ಕವೇನೋ ಇದೆ. ಆದರೆ ಅಡಿಯಲ್ಲಿ ಮೀನು ಕೂಡಿದೆಯೇ ಎಂಬುದನ್ನು ಸೋನಾರ್‌ನಿಂದ ಅರಿತು ಉಪಗ್ರಹದ ಮೂಲಕ ತಿಳಿಸುವ ತೇಲುತೆಪ್ಪಗಳು ಬಂದ ಮೇಲೆ, ಹಡಗಿನ ಉದ್ದ ಬೆಳೆಯದೆಯೂ ದಿನದ ಹಿಡಿತ ಬೆಳೆಯಬಲ್ಲದು.

ಹಾಗಿದ್ದರೂ ಸ್ಕಿಪ್‌ಜ್ಯಾಕ್ ಟ್ಯೂನ ಸಂತತಿ ಸುಸ್ಥಿತಿಯಲ್ಲಿದೆಯಲ್ಲ ಎನ್ನಬಹುದು. ಅದು ಸುಮಾರು ಒಂದು ವರ್ಷಕ್ಕೇ ಪ್ರೌಢಾವಸ್ಥೆಗೆ ಬರುವ, ಬೆಚ್ಚನೆಯ ನೀರಿನಲ್ಲಿ ವರ್ಷವಿಡೀ ಮೊಟ್ಟೆಯಿಡುವ ಮೀನು. ನಿಜವಾದ ಒರೆಗಲ್ಲು ನಿಧಾನವಾಗಿ ಬೆಳೆಯುವ ಇನ್ನೊಂದು ಟ್ಯೂನ, ಬಿಗ್‌ಐ. ಅದರ ಮರಿಗಳು ಅದೇ ತೆಪ್ಪಗಳಡಿ ಸೇರಿ ಅದೇ ಬಲೆಗೆ ಬೀಳುತ್ತವೆ. ದಿನದ ಮಿತಿಯೊಂದೇ ಸಾಕಾಗಿದ್ದರೆ, 2009ರಿಂದ ವರ್ಷದ ಕೆಲವು ತಿಂಗಳು ತೆಪ್ಪದ ಬಳಿ ಬಲೆ ಬೀಸುವುದನ್ನು ಪ್ರತ್ಯೇಕವಾಗಿ ನಿಷೇಧಿಸುವ ಅಗತ್ಯವಿರಲಿಲ್ಲ.

ಹಾಗಾದರೆ ಈ ಪದ್ಧತಿ ಸಾಧಿಸಿದ್ದೇನು? ಕಡಲಿಗಿಳಿಯುವ ಹಕ್ಕಿಗೆ ಬೆಲೆ ಕಟ್ಟಬಲ್ಲವರು ಅದಕ್ಕೆ ಷರತ್ತನ್ನೂ ಹಾಕಬಲ್ಲರು. ತೆಪ್ಪ ನಿಷೇಧ, ಪ್ರತಿ ಹಡಗಿನಲ್ಲೂ ವೀಕ್ಷಕ, ನಡುವಣ ಮುಕ್ತ ಸಮುದ್ರದ ತುಣುಕುಗಳಲ್ಲಿ ಮೀನು ಹಿಡಿಯದಿರುವುದು: ಇವೆಲ್ಲ ಪರವಾನಗಿಯ ಷರತ್ತುಗಳಾದವು. ಕಟ್ಟಳೆ ಮಾಡಿದವರು ಬಳಕೆದಾರರಾದ ದೂರದ ದೇಶಗಳ ಹಡಗಿನವರಲ್ಲ. 200 ನಾಟಿಕಲ್ ಮೈಲಿನ ವಲಯದಿಂದ ಒಡೆತನ ಪಡೆದ ರಾಷ್ಟ್ರಗಳು. ಆದ್ದರಿಂದ ಇದು ಆಸ್ಟ್ರಮ್ ಅವರಿಗಿಂತ ಗಾರ್ಡನ್ ಅವರ ತರ್ಕಕ್ಕೆ ಹತ್ತಿರ. ಆದರೂ ಎಂಟು ರಾಷ್ಟ್ರಗಳು ತಮ್ಮೊಳಗೆ ಪೈಪೋಟಿಗಿಳಿಯದೆ ಕೂಡಿ ನಿಂತದ್ದನ್ನು ಗಾರ್ಡನ್ ವಿವರಿಸಲಾರರು. ಆ ಮಟ್ಟಿಗೆ ಆಸ್ಟ್ರಮ್ ಬೇಕೇ ಬೇಕು. ಪ್ರಾದೇಶಿಕ ಟ್ಯೂನ ಆಯೋಗವೂ ಅದೇ ಕಾಲಕ್ಕೆ ಇಂಥದೇ ನಿಯಮಗಳನ್ನು ತಂದದ್ದರಿಂದ, ಫಲವನ್ನೆಲ್ಲ ಈ ಷರತ್ತುಗಳ ಖಾತೆಗೇ ಬರೆಯುವಂತೆಯೂ ಇಲ್ಲ.

ಒಂದು ಪ್ರಶ್ನೆ ಉಳಿಯುತ್ತದೆ. ಕಡಲು ಕಾದಂತೆ ಟ್ಯೂನ ಪೂರ್ವದತ್ತ, ಯಾರ ವಲಯಕ್ಕೂ ಸೇರದ ನೀರಿಗೆ ಸರಿಯಬಹುದೆಂಬ ಅಂದಾಜುಗಳಿವೆ. ಷರತ್ತಿನ ಬಲ ಒಡೆತನದಿಂದಲೇ ಬಂದದ್ದಾದರೆ, ಮೀನು ಗಡಿ ದಾಟಿದ ಮೇಲೆ ಅದು ಎಷ್ಟು ಉಳಿದೀತು ಎಂಬುದನ್ನು ಇಲ್ಲಿನ ಸಾಕ್ಷ್ಯದಿಂದ ನಿರ್ಣಯಿಸಲಾಗದು.