ಹೊಳೆದಂಡೆಯ ಕೂಡುರಸ್ತೆಗಳು: ನಂಜನಗೂಡು ಮತ್ತು ಟಿ. ನರಸೀಪುರದ ಸಂಚಾರ ವಿನ್ಯಾಸ

ಕೇರಳದ ಕೋಯಿಕ್ಕೋಡಿನಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 766 (ಹಿಂದಿನ 212) ನಂಜನಗೂಡು, ಮೈಸೂರು, ಟಿ. ನರಸೀಪುರಗಳನ್ನು ಹಾದು ಕೊಳ್ಳೇಗಾಲ ಮುಟ್ಟುತ್ತದೆ. ನಂಜನಗೂಡಿನಲ್ಲಿ ಕಪಿಲೆ ಹರಿಯುತ್ತದೆ. ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತದೆ. ಹೊಳೆಯಿರುವ ಊರಿನಲ್ಲಿ ಸುತ್ತಲಿನ ಹಳ್ಳಿಗಳ ದಾರಿಗಳು ಸೇತುವೆಯ ಕಡೆಗೇ ಬಂದು ಸೇರಬೇಕು. ಹಾಗಾಗಿ ಇಲ್ಲಿನ ದಟ್ಟಣೆಯ ಮೂಲವನ್ನು ರಸ್ತೆಯ ಅಗಲಕ್ಕಿಂತ ಹೆಚ್ಚಾಗಿ ರಸ್ತೆಗಳು ಕೂಡುವ ಜಾಗದಲ್ಲಿ ಹುಡುಕಬೇಕು ಎಂಬುದು ಈ ಲೇಖನದ ವಾದ.

ನಾಲ್ಕು ದಾರಿ ಸೇರುವ ಸಾಮಾನ್ಯ ಕೂಡುರಸ್ತೆಯಲ್ಲಿ ವಾಹನಗಳ ಪಥಗಳು ಪರಸ್ಪರ ತಾಗುವ 32 ಬಿಂದುಗಳಿವೆ. ಏಕಪಥದ ವೃತ್ತದಲ್ಲಿ ಅವು 8 ಮಾತ್ರ. ಆದರೆ ನಡುವೆ ಕಟ್ಟೆ ಕಟ್ಟಿದ ಮಾತ್ರಕ್ಕೆ ವೃತ್ತ ಕೆಲಸ ಮಾಡುವುದಿಲ್ಲ. ಒಳಬರುವವರು ಬಲಗಡೆಯಿಂದ ಸುತ್ತಿ ಬರುವವರಿಗೆ ದಾರಿ ಬಿಡಬೇಕೆಂಬ ನಿಯಮ ಬ್ರಿಟನ್ನಿನಲ್ಲಿ 1966ರಲ್ಲಿ ಜಾರಿಗೆ ಬಂದ ಮೇಲೆಯೇ, ಅಲ್ಲಿನ ಸಂಚಾರ ಎಂಜಿನಿಯರ್ ಫ್ರಾಂಕ್ ಬ್ಲ್ಯಾಕ್‌ಮೋರ್ ಪ್ರತಿಪಾದಿಸಿದ ಸಣ್ಣ ವೃತ್ತಗಳು ಸಾಧ್ಯವಾದವು.

ಸಿಗ್ನಲ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಸಂಚಾರ ಸಂಶೋಧಕ ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರದ ಪ್ರಕಾರ, ಸಿಗ್ನಲ್ಲಿನ ಒಂದು ಸುತ್ತಿಗೆ ಸೂಕ್ತ ಅವಧಿ ಬೇಕಾದರೆ ನಷ್ಟಕಾಲದ (ದೀಪ ಬದಲಾಗುವಾಗ ಯಾವ ವಾಹನವೂ ಸಾಗದೆ ವ್ಯರ್ಥವಾಗುವ ಹೊತ್ತಿನ) ಒಂದೂವರೆ ಪಟ್ಟಿಗೆ 5 ಸೆಕೆಂಡು ಕೂಡಿಸಿ, ಹರಿವಿನ ಅನುಪಾತಗಳ (ಪ್ರತಿ ಹಂತದಲ್ಲಿ ಬರುವ ವಾಹನಗಳಿಗೂ ಆ ದಾರಿ ಗರಿಷ್ಠ ಸಾಗಿಸಬಲ್ಲ ವಾಹನಗಳಿಗೂ ಇರುವ ಅನುಪಾತಗಳ) ಮೊತ್ತವನ್ನು 1ರಿಂದ ಕಳೆದು ಉಳಿದದ್ದರಿಂದ ಭಾಗಿಸಬೇಕು. ನಷ್ಟಕಾಲ 10 ಸೆಕೆಂಡು, ಮೊತ್ತ 0.5 ಎಂದಿಟ್ಟುಕೊಂಡರೆ 40 ಸೆಕೆಂಡು ಬರುತ್ತದೆ. ಮೊತ್ತ 0.9ಕ್ಕೆ ಏರಿದರೆ 200 ಸೆಕೆಂಡು! ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡಜಾತ್ರೆಗೂ 1989ರಿಂದ ನಡೆದುಬಂದ ನರಸೀಪುರದ ಕುಂಭಮೇಳಕ್ಕೂ ಬರುವ ಜನಸಾಗರವನ್ನು ನೆನೆದರೆ, ವಾರದ ದಿನಕ್ಕೆ ಹೊಂದಿಸಿದ ಸ್ಥಿರ ಸಿಗ್ನಲ್ ಆ ದಿನಗಳಲ್ಲಿ ಏಕೆ ಸೋಲುತ್ತದೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಅಂಥ ಒತ್ತಡವನ್ನು ವೃತ್ತವೂ ತಾಳಲಾರದು. ಜಾತ್ರೆಯ ವಾಹನಗಳನ್ನು ಊರ ಹೊರಗೇ ತಡೆದು ನಿಲ್ಲಿಸಬೇಕು. ಕೂಡುರಸ್ತೆಯನ್ನು ದಿನನಿತ್ಯದ ಓಡಾಟಕ್ಕೆಂದು ರೂಪಿಸಬೇಕು.

ಆ ದಿನನಿತ್ಯದ ಓಡಾಟ ಎಂಥದ್ದು? ನಂಜನಗೂಡಿನ ಕೈಗಾರಿಕಾ ಪ್ರದೇಶದ ಲಾರಿಗಳು, ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳು, ಬೈಕು, ಆಟೊ, ನಡೆದು ಹೋಗುವವರು. ಟ್ರೇಲರ್ ತಿರುಗುವಾಗ ಅದರ ಹಿಂಗಾಲಿಗಳು ಒಳಬದಿಗೆ ಸರಿಯುತ್ತವೆ. ಇದಕ್ಕಾಗಿ ಇಡೀ ರಸ್ತೆಯ ಬಾಯಿಯನ್ನು ಅಗಲಿಸಿದರೆ ಕಾರು, ಬೈಕುಗಳ ವೇಗ ಏರುತ್ತದೆ, ದಾಟುವ ಮುದುಕರು, ಮಕ್ಕಳಿಗೆ ಅಪಾಯ. ನಡುವಿನ ದ್ವೀಪದ ಸುತ್ತ ಗಾಲಿ ಹತ್ತಬಹುದಾದ ತಗ್ಗು ಕಲ್ಲುಹಾಸಿನ ಪಟ್ಟಿ ಹಾಕುವುದು ಮೇಲು: ಟ್ರ್ಯಾಕ್ಟರು ಅದರ ಮೇಲೆ ಹಾಯುತ್ತದೆ, ಕಾರು ನಿಧಾನಿಸಿ ಹೊರಗೇ ಸುತ್ತುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕೂ ಮೊದಲು ಆಗಬೇಕಾದದ್ದು ಬಸ್ ನಿಲುಗಡೆಯ ಸ್ಥಳಾಂತರ. ಕೂಡುರಸ್ತೆಯ ಬಾಯಲ್ಲಿ ನಿಂತ ಒಂದು ಬಸ್ಸು, ಅದರ ಬೆನ್ನಿಗೆ ಸೇರುವ ಆಟೊಗಳು ಒಂದು ಪಥವನ್ನೇ ನುಂಗಿಬಿಡುತ್ತವೆ. ನಿಲುಗಡೆಯನ್ನು ಕೂಡುರಸ್ತೆ ದಾಟಿದ ಮೇಲೆ, ಹಿಂದೆ ನಿಂತ ಬಸ್ಸಿನ ಬಾಲವೂ ವೃತ್ತಕ್ಕೆ ತಾಗದಷ್ಟು ದೂರದಲ್ಲಿ, ರಸ್ತೆಯಂಚಿನಿಂದ ಒಳಸರಿಸಿ ಕಟ್ಟಬೇಕು. ಆಟೊ ನಿಲ್ದಾಣವೂ ಅದರ ಪಕ್ಕಕ್ಕೇ ಬರಬೇಕು.